‘ಲಿಂಗ’ ಪದದ ಅರ್ಥವ್ಯಾಪ್ತಿ: ವ್ಯಾಕರಣ, ತರ್ಕ, ವಿಜ್ಞಾನ ಮತ್ತು ಶರಣಧರ್ಮ

‘ಲಿಂಗ’ ಎಂಬ ಎರಡಕ್ಷರದ ಪದ ಹೊತ್ತಿರುವಷ್ಟು ಅರ್ಥಭಾರವನ್ನು ಕನ್ನಡದಲ್ಲಿ ಬಳಕೆಯಾಗುವ ಕೆಲವೇ ಪದಗಳು ಹೊತ್ತಿವೆ. ಶಾಲೆಯ ವ್ಯಾಕರಣಪಾಠದಲ್ಲಿ ಅದು ನಾಮಪದದ ಒಂದು ಲಕ್ಷಣ. ಸರ್ಕಾರಿ ಅರ್ಜಿಯಲ್ಲಿ ಹೆಣ್ಣೋ ಗಂಡೋ ಎಂದು ತಿಳಿಸಬೇಕಾದ ಕಾಲಂ. ಜೀವಶಾಸ್ತ್ರದಲ್ಲಿ ದೇಹರಚನೆಯ ಭೇದ. ನಮ್ಮ ಮನೆಗಳಲ್ಲಾದರೋ ನಿತ್ಯವೂ ಕರಸ್ಥಲದಲ್ಲಿ ಬಿಜಯಂಗೈದು ಪೂಜೆಗೊಳ್ಳುವ ಪರಶಿವನ ಕುರುಹು. ಮಕ್ಕಳು ಈ ಅರ್ಥಗಳನ್ನು ಒಂದರೊಡನೊಂದು ಬೆರೆಸಿಕೊಂಡು ಪ್ರಶ್ನಿಸಿದಾಗ ಹಿರಿಯರು ಮುಜುಗರದಿಂದ ಮಾತು ಬದಲಿಸುವುದುಂಟು. ಹಾಗೆ ಮಾಡಬೇಕಾದ ಕಾರಣವಿಲ್ಲವೆಂಬುದು ನಮ್ಮ ಅಭಿಪ್ರಾಯ.

ಸಂಸ್ಕೃತದಲ್ಲಿ ‘ಲಿಂಗ’ ಎಂದರೆ ಮೊದಲಿಗೆ ಗುರುತು, ಚಿಹ್ನೆ. ಉಳಿದ ಅರ್ಥಗಳೆಲ್ಲವನ್ನೂ ಈ ಬೇರಿನಿಂದಲೇ ತಿಳಿಯಬಹುದು. ವೈದ್ಯಗ್ರಂಥಗಳಲ್ಲಿ ರೋಗಲಕ್ಷಣಕ್ಕೂ ಲಿಂಗವೆಂಬ ಹೆಸರಿದೆ. ಜ್ವರ ಒಳಗಿದ್ದರೆ ಮೈ ಬಿಸಿಯಾಗುವುದು ಅದರ ಲಿಂಗ. ವೇದಾಂತಿಗಳು ಒಂದು ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸಲು ಉಪಕ್ರಮ-ಉಪಸಂಹಾರ, ಅಭ್ಯಾಸ ಮೊದಲಾದ ಆರು ಲಿಂಗಗಳನ್ನು ಹೇಳುತ್ತಾರೆ. ಸಾಂಖ್ಯರ ‘ಲಿಂಗಶರೀರ’ವು ಸ್ಥೂಲದೇಹ ಬಿದ್ದ ಮೇಲೆಯೂ ಉಳಿಯುವ ಸೂಕ್ಷ್ಮದೇಹ. ಇವುಗಳಲ್ಲೆಲ್ಲಿಯೂ ಹೆಣ್ಣು-ಗಂಡೆಂಬ ಸುಳಿವೇ ಇಲ್ಲ.

ವ್ಯಾಕರಣದಲ್ಲಿ ಆ ಸುಳಿವು ಬರುತ್ತದೆ, ಆದರೆ ವಿಚಿತ್ರ ರೀತಿಯಲ್ಲಿ. ‘ಅಮರಕೋಶ’ವೆಂದು ನಾವು ಕರೆಯುವ ನಿಘಂಟಿನ ನಿಜವಾದ ಹೆಸರು ‘ನಾಮಲಿಂಗಾನುಶಾಸನ’. ಪದಗಳನ್ನೂ ಅವುಗಳ ಲಿಂಗಗಳನ್ನೂ ಕಲಿಸುವ ಗ್ರಂಥವೆಂದರ್ಥ. ಸಂಸ್ಕೃತದಲ್ಲಿ ಲಿಂಗವನ್ನು ಹೀಗೆ ಬಾಯಿಪಾಠ ಮಾಡಿಯೇ ಕಲಿಯಬೇಕು. ಹೆಂಡತಿ ಎಂಬ ಅರ್ಥದ ‘ದಾರ’ ಪುಲ್ಲಿಂಗ, ‘ಭಾರ್ಯಾ’ ಸ್ತ್ರೀಲಿಂಗ, ‘ಕಲತ್ರ’ ನಪುಂಸಕಲಿಂಗ. ಮನೆಯಲ್ಲಿರುವವಳು ಒಬ್ಬಳೇ, ವ್ಯಾಕರಣದ ಲಿಂಗಗಳು ಮೂರು! ಅಲ್ಲಿ ಲಿಂಗವು ಪದದ ಗುಣವೇ ಹೊರತು ವ್ಯಕ್ತಿಯದಲ್ಲ. ಕನ್ನಡದ ದಾರಿ ಬೇರೆ. ನಮ್ಮಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಆದರೂ ‘ಮಗು ಅತ್ತಿತು’ ಎನ್ನುತ್ತೇವೆ. ಸೂರ್ಯನು ಮೂಡಿದನು ಎಂದರೂ ಮೂಡಿತು ಎಂದರೂ ಸರಿಯೇ. ‘ಅವರು’ ಎಂದಾಗಲಂತೂ ಹೆಣ್ಣು-ಗಂಡುಗಳ ಭೇದ ಅಳಿಸಿಹೋಗುತ್ತದೆ. ನಾವು ಯಾರಿಗಾದರೂ ಗೌರವ ಕೊಡಬೇಕಾದಾಗ ಬಳಸುವ ರೂಪವೂ ಅದೇ. ಇನ್ನು ‘ಲಿಂಗ’ ಎಂಬ ಪದ ಸ್ವತಃ ಯಾವ ಲಿಂಗದ್ದೆಂದರೆ, ಸಂಸ್ಕೃತ-ಕನ್ನಡಗಳೆರಡರಲ್ಲೂ ನಪುಂಸಕ.

ನಮ್ಮ ಇಷ್ಟಲಿಂಗದ ಅರ್ಥಕ್ಕೆ ಅತ್ಯಂತ ಸಮೀಪವಾದುದು ತರ್ಕಶಾಸ್ತ್ರದ ಬಳಕೆ. ಬೆಟ್ಟದ ಮೇಲೆ ಹೊಗೆ ಕಂಡಿತು, ಆದ್ದರಿಂದ ಅಲ್ಲಿ ಬೆಂಕಿಯಿದೆ ಎಂಬ ಅನುಮಾನದಲ್ಲಿ ಹೊಗೆಯೇ ಲಿಂಗ. ಕಾಣದ ವಸ್ತುವನ್ನು ಕಾಣುವ ಗುರುತಿನಿಂದ ತಿಳಿಸಿಕೊಡುವುದು ಅದರ ಕೆಲಸ. ಶರಣರು ಇಷ್ಟಲಿಂಗವನ್ನು ಅಚ್ಚಕನ್ನಡದಲ್ಲಿ ‘ಕುರುಹು’ ಎಂದು ಕರೆದು, ಅರಿವು-ಕುರುಹುಗಳ ಸಂಬಂಧವನ್ನು ಮತ್ತೆಮತ್ತೆ ವಿಚಾರಿಸಿದ್ದು ಈ ಅರ್ಥದಲ್ಲಿಯೇ. ಆದರೆ ತಾರ್ಕಿಕರ ಹೋಲಿಕೆ ಅರ್ಧದಾರಿಯವರೆಗೆ ಮಾತ್ರ ನಮ್ಮೊಡನೆ ಬರುತ್ತದೆ. ಹೊಗೆ ಬೇರೆ, ಬೆಂಕಿ ಬೇರೆ. ಶರಣರ ದೃಷ್ಟಿಯಲ್ಲಿ ಅಂಗೈಯ ಇಷ್ಟಲಿಂಗ, ಒಳಗಿನ ಪ್ರಾಣಲಿಂಗ, ಭಾವಲಿಂಗಗಳು ಒಂದೇ ವಸ್ತುವಿನ ಮೂರು ನಿಲುವುಗಳು. ಲಯ ಮತ್ತು ಗಮನ, ಅಂದರೆ ಜಗತ್ತು ಅಡಗುವ ಮತ್ತು ಹೊರಡುವ ನೆಲೆಯೆಂದು ಈ ಪದವನ್ನು ಬಿಡಿಸುವ ಸಾಂಪ್ರದಾಯಿಕ ನಿರ್ವಚನವೂ ಈ ಕಡೆಗೇ ಕೈದೋರುತ್ತದೆ. ಇಷ್ಟಲಿಂಗವನ್ನು ದೇಹದ ಅವಯವವೊಂದರ ಹೆಸರಿಗೆ ಕಟ್ಟಿಹಾಕಿ ವಿವರಿಸುವವರು ಪದದ ಒಂದು ಉಪಾರ್ಥವನ್ನೇ ಮೂಲವೆಂದು ಹಿಡಿದಿದ್ದಾರೆ.

‘ಶರಣ ಸತಿ, ಲಿಂಗ ಪತಿ’ ಎಂಬ ಭಾವದಲ್ಲಿ ವ್ಯಾಕರಣದ ಲಿಂಗವ್ಯವಸ್ಥೆ ಇನ್ನಷ್ಟು ತಲೆಕೆಳಗಾಗುತ್ತದೆ. ನಪುಂಸಕಲಿಂಗದ ಪದವೊಂದು ಪತಿಯಾಗುತ್ತದೆ; ಬಸವಣ್ಣನವರಾಗಲಿ ಅಕ್ಕಮಹಾದೇವಿಯವರಾಗಲಿ ಅದರ ಮುಂದೆ ಸಮಾನವಾಗಿ ಸತಿ. ಆತ್ಮಕ್ಕೆ ಹೆಣ್ಣು-ಗಂಡೆಂಬ ಭೇದವಿಲ್ಲವೆಂಬುದನ್ನು ಬಸವಣ್ಣನವರಿಗೂ ಹಿರಿಯರಾದ ಜೇಡರ ದಾಸಿಮಯ್ಯನವರೇ ಹೇಳಿದ್ದರು. ಹೆಣ್ಣುಮಕ್ಕಳಿಗೂ ಗಂಡಸರಷ್ಟೇ ಹಕ್ಕಿನಿಂದ ಇಷ್ಟಲಿಂಗದೀಕ್ಷೆ ದೊರೆತದ್ದು ಈ ವಿಚಾರ ಆಚಾರಕ್ಕಿಳಿದುದರ ಫಲ.

ಆಧುನಿಕ ವಿಜ್ಞಾನವು ಕನ್ನಡಕ್ಕೆ ಬಂದಾಗ ಈ ಹಳೆಯ ಪದವನ್ನೇ ಎತ್ತಿಕೊಂಡಿತು. ದಾಸವಾಳ ದ್ವಿಲಿಂಗಿ ಪುಷ್ಪ; ಗಂಡು ಹೂ, ಹೆಣ್ಣು ಹೂ ಬೇರೆಬೇರೆಯಾಗಿ ಬಿಡುವ ಕುಂಬಳದ್ದು ಏಕಲಿಂಗಿ. ಮನುಷ್ಯನ ಜೀವಕೋಶದಲ್ಲಿ 23 ಜೊತೆ ವರ್ಣತಂತುಗಳಿದ್ದು, ಕೊನೆಯ ಜೊತೆಯಿಂದ ಮಗುವಿನ ಲಿಂಗ ನಿರ್ಧಾರವಾಗುತ್ತದೆ. ತಾಯಿಯಿಂದ ಬರುವುದು ಯಾವಾಗಲೂ ಎಕ್ಸ್. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವ ಮನೆಗಳು ನಮ್ಮ ಭಕ್ತವೃಂದದಲ್ಲಿ ಇಲ್ಲವೆಂದು ಹೇಳಲು ನಮಗೆ ಧೈರ್ಯ ಸಾಲದು. ಅಲ್ಲಿ ಈ ಒಂದು ವಾಕ್ಯವನ್ನಾದರೂ ಓದಿ ಹೇಳಬೇಕು.

ಗಣಿತಕ್ಕೆ ಈ ಪದ ಬಂದುದು ‘ಲಿಂಗಾನುಪಾತ’ವೆಂಬ ರೂಪದಲ್ಲಿ. ಸಾವಿರ ಗಂಡಸರಿಗೆ ಎಷ್ಟು ಮಂದಿ ಹೆಂಗಸರೆಂಬ ಲೆಕ್ಕ ಅದು. 2011ರ ಜನಗಣತಿಯಲ್ಲಿ ದೇಶಕ್ಕೆ 943, ಕರ್ನಾಟಕಕ್ಕೆ 973. ಎಲ್ಲ ವಯಸ್ಸಿನವರನ್ನೂ ಕೂಡಿಸಿದ ಈ ಅಂಕಿಗಿಂತ ಆರು ವರ್ಷದೊಳಗಿನ ಮಕ್ಕಳ ಅಂಕಿಯೇ ಹೆಚ್ಚು ಮಾತನಾಡುತ್ತದೆ. ಸ್ವಾಭಾವಿಕವಾಗಿ ಸಾವಿರ ಗಂಡುಶಿಶುಗಳಿಗೆ ಸುಮಾರು 950 ಹೆಣ್ಣುಶಿಶುಗಳು ಹುಟ್ಟುತ್ತವೆ. ದೇಶದಲ್ಲಿ ಆ ವಯಸ್ಸಿನವರ ಅನುಪಾತ 2001ರಲ್ಲಿ 927 ಇದ್ದುದು 2011ರಲ್ಲಿ 920ಕ್ಕೂ ಕೆಳಗಿಳಿಯಿತು. ಹುಟ್ಟುವ ಮೊದಲೇ ಲಿಂಗವನ್ನು ಪತ್ತೆಹಚ್ಚುವುದನ್ನು ನಿಷೇಧಿಸುವ ಕಾಯ್ದೆ 1994ರಲ್ಲಿಯೇ ಬಂದಿದೆ. ಆದರೂ 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಈ ಕೃತ್ಯ ನಡೆಸುತ್ತಿದ್ದ ಜಾಲವನ್ನು ಪೊಲೀಸರು ಬಯಲಿಗೆಳೆದರು. ಬೆಲ್ಲ ಬೇಯುವ ಜಾಗದಲ್ಲಿ!

‘ಭ್ರೂಣಲಿಂಗ ಪತ್ತೆ ಅಪರಾಧ’ ಎಂಬ ಫಲಕವನ್ನು ಸ್ಕ್ಯಾನಿಂಗ್ ಕೇಂದ್ರಗಳಲ್ಲಿ ಎಲ್ಲರೂ ನೋಡಿದ್ದೇವೆ. ಭ್ರೂಣ ಮತ್ತು ಲಿಂಗ ಎಂಬ ಅದೇ ಎರಡು ಪದಗಳು ನಮ್ಮ ಸಂಪ್ರದಾಯದಲ್ಲಿ ಮೊದಲಿನಿಂದಲೂ ಜೊತೆಯಾಗಿವೆ. ಗರ್ಭಕ್ಕೆ ಎಂಟನೆಯ ತಿಂಗಳು ತುಂಬಿದಾಗ ಗುರುಗಳು ಹೊಟ್ಟೆಯೊಳಗಿನ ಶಿಶುವಿಗೆಂದು ಇಷ್ಟಲಿಂಗವನ್ನು ದಯಪಾಲಿಸುವ ಗರ್ಭಲಿಂಗಧಾರಣೆಯ ಆಚರಣೆ ಅದು. ಆ ಲಿಂಗವನ್ನು ಶಿಶುವಿನ ಪರವಾಗಿ ತಾಯಿಯೇ ಧರಿಸಿರುತ್ತಾಳೆ. ಒಳಗಿರುವುದು ಹೆಣ್ಣೋ ಗಂಡೋ ಎಂದು ಗುರುವೂ ಕೇಳುವುದಿಲ್ಲ, ಶಾಸ್ತ್ರವೂ ಕೇಳುವುದಿಲ್ಲ. ಹೆಣ್ಣಿಗೊಂದು ಗಂಡಿಗೊಂದು ಎಂಬ ಬೇರೆಬೇರೆ ಲಿಂಗಗಳೂ ಇಲ್ಲ. ಹೆರಿಗೆಯಾದ ಮೇಲೆ ಹುಟ್ಟಿದ ಮಗು ಯಾವುದೇ ಆಗಿರಲಿ, ಅದೇ ಲಿಂಗವನ್ನು ಅದಕ್ಕೆ ಕಟ್ಟುತ್ತಾರೆ.