ಖಾತೆ ಆಯ್ತೇನಪ್ಪ?

2023ರ ಮೇ ತಿಂಗಳ ಕೊನೆಯ ವಾರ. ಗುಬ್ಬಿ ಕಡೆಯ ಹಳ್ಳಿಯಿಂದ ಸೋದರತ್ತೆ ಫೋನ್ ಮಾಡಿ, ಮೊದಲ ಮಾತಿಗೇ ‘ಖಾತೆ ಆಯ್ತೇನಪ್ಪ?’ ಅಂದರು. ಹೊಸ ಮಂತ್ರಿಗಳು ಬಂದಿದ್ದ ಆ ವಾರ ತುಮಕೂರಿನಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು ಅದೇ ಪ್ರಶ್ನೆ. ನಾನೂ ಅದೇ ಗುಂಗಿನಲ್ಲಿದ್ದೆ. ‘ಆಯ್ತಂತೆ ಅತ್ತೆ, ಪರಮೇಶ್ವರ್ ಅವರಿಗೆ ಗೃಹ, ರಾಜಣ್ಣನವರಿಗೆ ಸಹಕಾರ’ ಅಂದೆ. ಆ ಕಡೆ ಒಂದು ಗಳಿಗೆ ಸದ್ದಿಲ್ಲ. ಆಮೇಲೆ ಮೆಲ್ಲಗೆ, ‘ನಾನು ಕೇಳಿದ್ದು ನಿಮ್ಮ ಮಾವನ ತೋಟದ್ದು ಕಣೋ’ ಅಂದರು.

ಮಾವ ತೀರಿಕೊಂಡು ಎರಡು ವರ್ಷವಾಗಿತ್ತು. ತೆಂಗು ಅಡಿಕೆಯ ಆ ತೋಟ ಇನ್ನೂ ಅವರ ಹೆಸರಿನಲ್ಲೇ ಇತ್ತು. ವಂಶವೃಕ್ಷ, ಮರಣ ಪ್ರಮಾಣಪತ್ರ, ದೂರದಲ್ಲಿರುವ ಮಕ್ಕಳ ಒಪ್ಪಿಗೆ, ಇವನ್ನೆಲ್ಲ ಹೊಂದಿಸಿ ಪೌತಿ ಖಾತೆ ಮಾಡಿಸಿಕೊಡುತ್ತೇನೆಂದು ಒಪ್ಪಿಕೊಂಡವನು ನಾನೇ. ಅತ್ತೆಗೆ ‘ಖಾತೆ’ ಅಂದರೆ ಅದೊಂದೇ. ಅಂದಿನಿಂದ ಈ ಪದ ನನ್ನ ಬೆನ್ನು ಬಿಟ್ಟಿಲ್ಲ.

ನಮ್ಮ ಕಡೆ ಇದನ್ನು ‘ಕಾತೆ’ ಅನ್ನುವವರೇ ಹೆಚ್ಚು. ಮಹಾಪ್ರಾಣ ಬರೆಯುವಾಗ ಮಾತ್ರ. ಕಚೇರಿ, ಬಾಕಿ, ಜಮಾ, ಖರ್ಚುಗಳ ಹಾಗೆ ಇದೂ ಹಿಂದೂಸ್ತಾನಿ, ಮರಾಠಿ ಆಡಳಿತದ ದಾರಿಯಲ್ಲಿ ಬಂದು ಇಲ್ಲೇ ಮನೆ ಮಾಡಿಕೊಂಡ ಪದ. ಮರಾಠಿಯಲ್ಲಿ ಇಂದಿಗೂ ಖಾತೆ ಅಂದರೆ ಲೆಕ್ಕವೂ ಹೌದು, ಸರ್ಕಾರದ ಇಲಾಖೆಯೂ ಹೌದು. ಕನ್ನಡದಲ್ಲಿ ಅದು ಇನ್ನೂ ದೂರ ನಡೆದಿದೆ. ಬ್ಯಾಂಕಿನಲ್ಲಿ ಖಾತೆ, ಪಹಣಿಯಲ್ಲಿ ಖಾತೆ, ನಗರಪಾಲಿಕೆಯಲ್ಲಿ ಎ ಖಾತಾ, ಬಿ ಖಾತಾ, ಮೊಬೈಲಿನಲ್ಲಿ ಸಾಮಾಜಿಕ ಜಾಲತಾಣದ ಖಾತೆ. ಮೊದಲ ಓಟಕ್ಕೆ ಮುಂಚೆಯೇ ಔಟಾದ ಬ್ಯಾಟರ್ ‘ಖಾತೆ ತೆರೆಯಲಿಲ್ಲ’. ಜಿಲ್ಲೆಯಲ್ಲಿ ಒಂದೂ ಸ್ಥಾನ ಗೆಲ್ಲದ ಪಕ್ಷವೂ ಖಾತೆ ತೆರೆಯಲಿಲ್ಲ. ಇಷ್ಟು ಕಡೆ ಓಡಾಡಿದರೂ ಪದದ ಒಳಗಿನ ಚಿತ್ರ ಮಾತ್ರ ಒಂದೇ: ಒಬ್ಬರ ಹೆಸರಿಗೆ ಬರೆದ ಒಂದು ಪುಟ.

ಆ ಪುಟವನ್ನು ಕಣ್ಣಾರೆ ನೋಡಬೇಕಿದ್ದರೆ ಹಿಂದೆ ತುಮಕೂರಿನ ಮಂಡಿಪೇಟೆಯ ಅಂಗಡಿಗಳಿಗೆ ಹೋಗಬೇಕಿತ್ತು. ಗದ್ದುಗೆಯ ಪಕ್ಕ ಎರಡು ಪುಸ್ತಕ. ಆಯಾ ದಿನದ ವ್ಯವಹಾರ ಬಂದ ಹಾಗೆ ಬರೆಯುವುದು ಕಿರ್ದಿ. ಅದರಿಂದ ಹೆಕ್ಕಿ ಒಬ್ಬೊಬ್ಬರ ಹೆಸರಿಗೆ ಏರಿಸುವುದು ಖಾತೆ. ಒಂದು ಮಗ್ಗುಲಿಗೆ ಜಮಾ, ಇನ್ನೊಂದು ಮಗ್ಗುಲಿಗೆ ಖರ್ಚು. ಒಂದೇ ಮಗ್ಗುಲಿರುವ ಖಾತೆಯನ್ನು ಯಾವ ಶೆಟ್ಟರೂ ಬರೆದದ್ದಿಲ್ಲ. ಅದಕ್ಕೂ ಹಿಂದೆ ಲೆಕ್ಕ ಬರೆಯುತ್ತಿದ್ದದ್ದು ಕಡತದಲ್ಲಿ, ಅಂದರೆ ಕಪ್ಪು ಬಳಿದು ಮಡಿಸಿಟ್ಟ ಬಟ್ಟೆಯ ಮೇಲೆ ಬಳಪದಿಂದ. ಇಂದು ವಿಧಾನಸೌಧದಲ್ಲಿ ಮಂತ್ರಿಗಳ ಮೇಜಿಗೆ ಬರುವ ಫೈಲಿಗೂ ನಾವು ಕಡತ ಅಂತಲೇ ಅನ್ನುತ್ತೇವೆ. ಖಾತೆ, ಕಡತ ಎರಡೂ ಅಂಗಡಿಯ ಗದ್ದುಗೆಯಲ್ಲೂ ಸರ್ಕಾರದ ಮೇಜಿನಲ್ಲೂ ಇರುವ ಪದಗಳು. ಇದು ನನಗೆ ಬಹಳ ಇಷ್ಟವಾದ ಸಂಗತಿ. ಇಂಗ್ಲಿಷಿನ ಪೋರ್ಟ್‌ಫೋಲಿಯೊ ಇಟಲಿಯ ಮೂಲದ್ದು, ಹಾಳೆಗಳನ್ನು ಹೊತ್ತೊಯ್ಯುವ ಚೀಲ ಎಂದು ಅದರ ಅರ್ಥ. ಚೀಲ ಕೈಯಲ್ಲಿ ಹಿಡಿದು ನಡೆಯುವಂಥದ್ದು, ಹಿಡಿದವನದು. ಖಾತೆ ಹಾಗಲ್ಲ. ಅದನ್ನು ಬಿಡಿಸಿ ಇಟ್ಟು ಎರಡೂ ಮಗ್ಗುಲು ತೋರಿಸಬೇಕು.

ಮೈಸೂರು ಸೀಮೆಯಲ್ಲಿ ಆಡಳಿತವನ್ನು ಬಾಬುಬಾಬಿಗೆ ವಿಂಗಡಿಸಿದ ಹೆಸರು ಚಿಕ್ಕದೇವರಾಜ ಒಡೆಯರದು. 1673ರಿಂದ 1704ರವರೆಗೆ ಆಳಿದ ಅವರು ಹದಿನೆಂಟು ಚಾವಡಿ ಕಟ್ಟಿದರು. ಬೆಂಗಳೂರಿನ ಹೈಕೋರ್ಟಿನ ಕೆಂಪು ಕಟ್ಟಡದ ‘ಅಠಾರಾ ಕಚೇರಿ’ ಎಂಬ ಹೆಸರಿನಲ್ಲೂ ಇರುವುದು ಹದಿನೆಂಟೇ. ಒಡೆಯರ ಕಾಲಕ್ಕೆ ಅದಿನ್ನೂ ಚಾವಡಿ, ಕೂತು ಕೆಲಸ ಮಾಡುವ ಜಾಗದ ಹೆಸರು. ಆಮೇಲೆ ಬಂದ ‘ಇಲಾಖೆ’ ಅರಬ್ಬಿ ಮೂಲದ್ದು, ಸಂಬಂಧ ಎಂಬ ಅರ್ಥದ್ದು. ಹೀಗೆ ಜಾಗ, ಸಂಬಂಧ, ಲೆಕ್ಕ ಮೂರೂ ಒಂದಾದ ಮೇಲೆ ಒಂದರಂತೆ ಬಂದು ಸೇರಿಕೊಂಡವು. ಗುಬ್ಬಿ ಕಂಪನಿಯಂಥ ನಾಟಕ ಮಂಡಳಿಗಳ ರಂಗದ ಮೇಲೆ ಮಂತ್ರಿಗೆ ಖಾತೆಯೇ ಇರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಪರದೆ ಎದ್ದೊಡನೆ ರಾಜ ಕೇಳುತ್ತಿದ್ದದ್ದು ರಾಜ್ಯದಲ್ಲಿ ಮಳೆ ಬೆಳೆ ಹೇಗೆ, ಪ್ರಜೆಗಳು ಕ್ಷೇಮವೇ ಎಂದು. ಉತ್ತರ ಹೇಳಬೇಕಾದವನು ಅಲ್ಲಿ ನಿಂತಿದ್ದ ಒಬ್ಬನೇ ಮಂತ್ರಿ. ಮಳೆಯೂ ಅವನದೇ, ಬೆಳೆಯೂ ಅವನದೇ.

ಇಂದಿನ ಮಂತ್ರಿಗೂ ಪ್ರಮಾಣ ವಚನ ತೆಗೆದುಕೊಳ್ಳುವ ಗಳಿಗೆಯಲ್ಲಿ ಖಾತೆ ಇರುವುದಿಲ್ಲ. ಸಂವಿಧಾನದ ಮೂರನೇ ಅನುಸೂಚಿಯ ಆ ಒಕ್ಕಣೆಯಲ್ಲಿ ರಾಜ್ಯದ ಸಚಿವ ಎಂದಷ್ಟೇ ಇದೆ. ಯಾವುದರ ಸಚಿವ ಎಂದಿಲ್ಲ. ಖಾತೆ ಬರುವುದು ಆಮೇಲೆ, ಮುಖ್ಯಮಂತ್ರಿಯ ಸಲಹೆಯ ಮೇಲೆ ರಾಜ್ಯಪಾಲರ ಹೆಸರಿನಲ್ಲಿ ಹೊರಡುವ ಅಧಿಸೂಚನೆಯಲ್ಲಿ. ಯಾವ ಇಲಾಖೆಗೆ ಯಾವ ಕೆಲಸ ಎಂಬುದಕ್ಕೆ 1977ರ ಕಾರ್ಯ ಹಂಚಿಕೆ ನಿಯಮಗಳಿವೆ. ವಿಧಾನಸಭೆಯ 224 ಸದಸ್ಯರ ಲೆಕ್ಕಕ್ಕೆ ಮುಖ್ಯಮಂತ್ರಿಯೂ ಸೇರಿ ಸಂಪುಟ 34 ಜನಕ್ಕೆ ನಿಲ್ಲುತ್ತದೆ. ಶೇ. 15ರ ಈ ಮಿತಿ 2003ರ ಸಂವಿಧಾನ ತಿದ್ದುಪಡಿಯಿಂದ ಬಂದದ್ದು. ಪರಮೇಶ್ವರ್ ಅವರು 2023ರ ಮೇ 20ರಂದೇ ಪ್ರಮಾಣ ವಚನ ತೆಗೆದುಕೊಂಡಿದ್ದರು, ರಾಜಣ್ಣನವರು 27ರಂದು. ಖಾತೆಗಳು ಅಧಿಕೃತವಾದದ್ದು ಆ ಎರಡನೆಯ ತಂಡ ಬಂದ ಮೇಲೆಯೇ. ಅದಕ್ಕೂ ಮೊದಲು ಚಿಕ್ಕನಾಯಕನಹಳ್ಳಿಯ ಜೆ.ಸಿ. ಮಾಧುಸ್ವಾಮಿಯವರು 2019ರ ಆಗಸ್ಟ್ 20ರಂದು ಮಂತ್ರಿಯಾದರು. ಖಾತೆಗಳ ಹಂಚಿಕೆ ಆದದ್ದು 26ಕ್ಕೆ. ಅವರದು ಕಾನೂನು ಮತ್ತು ಸಣ್ಣ ನೀರಾವರಿ. 2021ರ ಜನವರಿಯಲ್ಲಿ ಅವನ್ನು ತೆಗೆದು ವೈದ್ಯಕೀಯ ಶಿಕ್ಷಣ ಕೊಟ್ಟರು, ಕೆಲವೇ ದಿನಗಳಲ್ಲಿ ಅದೂ ಬದಲಾಯಿತು. ಆ ವರ್ಷದ ಆಗಸ್ಟ್‌ನಲ್ಲಿ ಹೊಸ ಸಂಪುಟ ಬಂದಾಗ ಕಾನೂನು, ಸಣ್ಣ ನೀರಾವರಿ ಎರಡೂ ಅವರ ಕೈಗೇ ಮರಳಿದವು. ಕೆರೆಯ ಹೂಳು, ಕೋಡಿ, ತೂಬು ಅಂತ ಅರ್ಜಿ ಹಿಡಿದು ಓಡಾಡುತ್ತಿದ್ದ ನಮ್ಮ ಜಿಲ್ಲೆಯ ರೈತರಿಗೆ ಆ ತಿಂಗಳುಗಳಲ್ಲಿ ಯಾರ ಬಾಗಿಲು ತಟ್ಟಬೇಕೆಂಬುದೇ ಗೊಂದಲವಾಗಿತ್ತು.

ಪತ್ರಿಕೆಯವರು ಇಂಥ ಹೊತ್ತಿಗೆ ‘ಖಾತೆ ಕ್ಯಾತೆ’ ಎಂದು ತಲೆಬರಹ ಕೊಡುತ್ತಾರೆ. ಪ್ರಾಸ ಚೆನ್ನಾಗಿಯೇ ಇದೆ. ಆದರೆ ನನ್ನನ್ನು ಕಾಡುವುದು ಖಾತೆಗೆ ಅವರು ಹಚ್ಚುವ ವಿಶೇಷಣಗಳು: ಪ್ರಬಲ ಖಾತೆ, ತೂಕದ ಖಾತೆ, ಆಯಕಟ್ಟಿನ ಖಾತೆ, ಫಲವತ್ತಾದ ಖಾತೆ. ಫಲವತ್ತು ಎಂಬ ಮಾತು ಹೊಲದಿಂದ ಬಂದದ್ದು. ಹೊಲದವನು ಅದನ್ನು ಮಣ್ಣಿಗೆ ಹೇಳುವಾಗ ಉಳುಮೆ, ಗೊಬ್ಬರ, ನೀರು ಎಲ್ಲ ಅವನ ಕಣ್ಣ ಮುಂದೆ ಇರುತ್ತದೆ. ಖಾತೆಗೆ ಹೇಳುವಾಗ ಬರೀ ಕೊಯ್ಲು ಮಾತ್ರ ಕಾಣುತ್ತದೆ. ಪಶುಸಂಗೋಪನೆಯನ್ನು ಯಾರೂ ಫಲವತ್ತಾದ ಖಾತೆ ಅಂದದ್ದು ಕೇಳಿಲ್ಲ. ಮನೆಯಲ್ಲಿ ಎರಡು ಹಸು ಕಟ್ಟಿ ಡೇರಿಗೆ ಹಾಲು ಹಾಕಿ ಸಂಸಾರ ನಡೆಸುವ ತುಮಕೂರು ಜಿಲ್ಲೆಯ ಹೆಣ್ಣುಮಗಳನ್ನು ಕೇಳಿದರೆ ಅವಳು ಹೇಳುವ ಪಟ್ಟಿಯೇ ಬೇರೆ.

ನೀರಿನ ವಿಷಯಕ್ಕೆ ಬಂದರೆ ಈ ಪದ ಇನ್ನಷ್ಟು ಭಾರವಾಗುತ್ತದೆ. ನಮ್ಮಲ್ಲಿ ಕೆರೆ ಯಾವ ಮಂತ್ರಿಯದು ಎಂಬುದನ್ನು ಅದರ ಅಚ್ಚುಕಟ್ಟು ತೀರ್ಮಾನಿಸುತ್ತದೆ. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಪಂಚಾಯತ್ ರಾಜ್‌ಗೆ, 40ರಿಂದ 2000 ಹೆಕ್ಟೇರ್‌ವರೆಗಿನದು ಸಣ್ಣ ನೀರಾವರಿಗೆ, ಅದಕ್ಕೂ ಮೇಲ್ಪಟ್ಟದ್ದು ಜಲಸಂಪನ್ಮೂಲಕ್ಕೆ. ಮಳೆ ಬಂದಾಗ ಮೇಲಿನ ಕಟ್ಟೆ ತುಂಬಿ, ಕೋಡಿ ಬಿದ್ದು, ಕೆಳಗಿನ ದೊಡ್ಡ ಕೆರೆಗೆ ಹರಿಯುವ ನೀರು ಮೂರು ಖಾತೆ ದಾಟಿ ಹೋಗುತ್ತದೆ. ಹೂಳೆತ್ತುವ ಟೆಂಡರಿಗೆ ಆ ಓಟವಿಲ್ಲ. ಒಂದು ಖಾತೆಯವರು ಕಾಲುವೆ ದುರಸ್ತಿ ಮಾಡಿದ ವರ್ಷ ಇನ್ನೊಂದು ಖಾತೆಯವರ ಕೋಡಿ ಒಡೆದಿರುತ್ತದೆ.

ಗುಬ್ಬಿಗೂ ಕುಣಿಗಲ್‌ಗೂ ನಡುವೆ ಈಚೆಗೆ ಬೆಳೆದ ನೋವು ಇದೇ ನೀರಿನದು. ಗೊರೂರಿನ ಹೇಮಾವತಿ ತುಮಕೂರು ನಾಲೆಯಲ್ಲಿ ಬರುತ್ತದೆ. ತುಮಕೂರು ನಗರಕ್ಕೆ ಕುಡಿಯಲು ಬುಗುಡನಹಳ್ಳಿ ಕೆರೆ ತುಂಬುವುದೂ ಅದರಿಂದಲೇ. ನಾಲೆಯ ಬಾಲದಲ್ಲಿರುವ ಕುಣಿಗಲ್‌ನವರು ತಮ್ಮ ಪಾಲು ಕಾಗದದಲ್ಲೇ ಉಳಿದಿದೆ ಅನ್ನುತ್ತಾರೆ. ಗುಬ್ಬಿ ತಾಲ್ಲೂಕಿನಿಂದ ನೇರ ಕೊಳವೆಯಲ್ಲಿ ಅತ್ತ ನೀರೊಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಕೆಲಸ ಶುರುವಾದಾಗ ಗುಬ್ಬಿಯವರು ತಮ್ಮ ನಾಲೆ ಬತ್ತುತ್ತದೆ ಎಂದು ಬೀದಿಗಿಳಿದರು. 2025ರ ಮೇ ಕೊನೆಯಲ್ಲಿ ಸುಂಕಾಪುರದಲ್ಲಿ ದೊಡ್ಡ ಪ್ರತಿಭಟನೆಯೇ ಆಯಿತು. ಎರಡೂ ಕಡೆ ನನಗೆ ನೆಂಟರಿದ್ದಾರೆ. ಕೆರೆಯ ಸೊಬಗಿಗೆ ಜನಪದರು ಹಾಡು ಕಟ್ಟಿದ ಕುಣಿಗಲ್‌ನವರು ಕೊಳವೆಬಾವಿ ಆಳಕ್ಕಿಳಿದ ಕಥೆ ಹೇಳುವಾಗ ಅವರದು ನಿಜ ಅನ್ನಿಸುತ್ತದೆ. ಗುಬ್ಬಿಯ ತೋಟದಲ್ಲಿ ಸುಳಿ ಬಾಡಿದ ತೆಂಗಿನ ಕೆಳಗೆ ನಿಂತಾಗ ಇವರದೂ ನಿಜ. ನನ್ನ ಅಭಿಪ್ರಾಯ ಇಷ್ಟು: ಎಷ್ಟು ಹಂಚಿಕೆಯಾಗಿದೆ, ಪ್ರತಿ ವರ್ಷ ಯಾವ ಗೇಟಿನಿಂದ ಎಷ್ಟು ಇಳಿಯಿತು ಎಂಬ ಲೆಕ್ಕವನ್ನು ಊರೂರಿನ ಪಂಚಾಯಿತಿ ಗೋಡೆಯ ಮೇಲೆ ಬರೆದು ಹಾಕಿದ್ದರೆ ಜಗಳ ಇಲ್ಲಿಗೆ ಬರುತ್ತಿರಲಿಲ್ಲ. ನೀರಾವರಿ ಖಾತೆ ಎಂಬ ಹೆಸರಿಟ್ಟುಕೊಂಡ ಮೇಲೆ ಆ ಪುಟ ತೆರೆದಿರಬೇಕು.

ಪೌತಿ ಖಾತೆಗೆ ಓಡಾಡಿದ ಆ ತಿಂಗಳುಗಳಲ್ಲಿ ಪಹಣಿಯನ್ನು ನಾನು ಮೊದಲ ಸಲ ಸಾಲುಸಾಲಾಗಿ ಓದಿದೆ. ಪೌತಿ ಎಂಬುದಕ್ಕೂ ಅರಬ್ಬಿ ಮೂಲವಿದೆ, ಸಾವು ಎಂದು ಅರ್ಥ. ಸತ್ತವರ ಹೆಸರಿನಿಂದ ಬದುಕಿರುವವರ ಹೆಸರಿಗೆ ಪುಟ ತಿರುಗುವುದೇ ಪೌತಿ ಖಾತೆ. ಪಹಣಿಯ ಒಂಬತ್ತನೇ ಕಾಲಂ ಹೆಸರಿನದು. ಎಲ್ಲರೂ ಮೊದಲು ನೋಡುವುದು ಅದನ್ನೇ. ಆದರೆ ಅನುಭವಸ್ಥ ರೈತ ಬೆರಳಿಡುವುದು ಹನ್ನೊಂದನೇ ಕಾಲಂಗೆ. ಹಕ್ಕುಗಳು, ಋಣಗಳು ಅಲ್ಲಿವೆ. ಬ್ಯಾಂಕಿನ ಸಾಲ, ಸೊಸೈಟಿಯ ಸಾಲ ಅಲ್ಲಿ ಕೂತಿರುತ್ತದೆ. ಮಾವನ ತೋಟದ ಮೇಲೂ ಒಂದು ಬೆಳೆ ಸಾಲವಿತ್ತು. ‘ಹೆಸರು ಬಂದ ಮೇಲೆ ಅದೂ ನಂದೇ ಅಲ್ವೇನಪ್ಪ?’ ಅಂದರು ಅತ್ತೆ. ತೋಟ ಬೇಕು, ಸಾಲ ಬೇಡ ಅನ್ನುವ ಮಾತು ಅವರ ಬಾಯಲ್ಲಿ ಬರಲೇ ಇಲ್ಲ.

ಮಂತ್ರಿಗಳ ಖಾತೆ ಹಂಚಿಕೆಯ ಪಟ್ಟಿಯಲ್ಲಿ ಒಂಬತ್ತನೇ ಕಾಲಂ ಮಾತ್ರ ಇದೆ. ಯಾರಿಗೆ ಯಾವುದು ಎಂದು ದಪ್ಪಕ್ಷರದಲ್ಲಿ ಅಚ್ಚಾಗುತ್ತದೆ. ಆ ಖಾತೆಯ ಮೇಲೆ ಹಿಂದಿನವರು ಬಿಟ್ಟುಹೋದ ಬಾಕಿ ಏನು, ಗುತ್ತಿಗೆದಾರರಿಗೆ ಕೊಡಬೇಕಾದದ್ದೆಷ್ಟು, ಅರ್ಧಕ್ಕೆ ನಿಂತ ನಾಲೆ ಯಾವುದು, ಖಾಲಿ ಬಿದ್ದ ಹುದ್ದೆ ಎಷ್ಟು ಎಂಬ ಋಣದ ಕಾಲಂ ಅದರ ಪಕ್ಕದಲ್ಲಿ ಬಂದದ್ದಿಲ್ಲ. 2025ರ ಆಗಸ್ಟ್ 11ರಂದು ರಾಜಣ್ಣನವರನ್ನು ಸಂಪುಟದಿಂದ ವಜಾ ಮಾಡಿದರು. ತುಮಕೂರು ಡಿಸಿಸಿ ಬ್ಯಾಂಕನ್ನು ಬಹಳ ಕಾಲ ನಡೆಸಿದವರ ಕೈಯಿಂದ ಸಹಕಾರ ಖಾತೆ ಹೋಯಿತು ಎಂದು ಇಲ್ಲಿ ಮಾತಾಡಿಕೊಂಡರು. ಖಾತೆ ಎಲ್ಲಿಗೂ ಹೋಗಲಿಲ್ಲ. ಸೊಸೈಟಿಗಳಲ್ಲಿ ರೈತರ ಸಾಲದ ಪುಟಗಳು ಮಾರನೆಯ ದಿನವೂ ಹಾಗೇ ತೆರೆದಿದ್ದವು. ಖಾತೆದಾರ ಬದಲಾಗುತ್ತಾನೆ. ಖಾತೆ ಇರುತ್ತದೆ, ಅದರ ಋಣವೂ ಇರುತ್ತದೆ. ಹೊಸದಾಗಿ ಬಂದವರು ‘ಅದು ಹಿಂದಿನವರ ಕಾಲದ್ದು’ ಅಂದಾಗ ನನಗೆ ಅತ್ತೆಯ ಮಾತು ನೆನಪಾಗುತ್ತದೆ.

ಹನ್ನೊಂದು ವಿಧಾನಸಭಾ ಕ್ಷೇತ್ರಗಳ ಈ ಜಿಲ್ಲೆಯಲ್ಲಿ ಪ್ರತಿ ಸಲವೂ ನಾವು ಎಣಿಸುವುದು ಎಷ್ಟು ಮಂತ್ರಿ, ಎಂಥ ಖಾತೆ ಎಂದು. ಎಣಿಸೋಣ, ತಪ್ಪಿಲ್ಲ. ಊರಿನ ಮಗ ಮಂತ್ರಿಯಾದಾಗ ಆಗುವ ಸಂತೋಷ ಸುಳ್ಳಲ್ಲ. ಆದರೆ ಈ ಲೇಖನ ಓದಿದವರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಗ್ರಾಮಸಭೆಗೆ ಹೋಗಿ, ನಿಮ್ಮೂರಿನ ಕೆರೆ ಮೂರರಲ್ಲಿ ಯಾವ ಖಾತೆಗೆ ಸೇರಿದ್ದು, ಈ ವರ್ಷ ಅದರ ಹೆಸರಿಗೆ ಎಷ್ಟು ಹಣ ಬಂತು, ಅದರಲ್ಲಿ ಏನು ಕೆಲಸವಾಯಿತು ಎಂದು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ ಬನ್ನಿ.