ತೌಡು ಬಿಟ್ಟ ಅಕ್ಕಿಯ ಕಥೆ

ಕೆಲಸಕ್ಕೆ ಬಾರದ ಮಾತಾಡುವವರನ್ನು ‘ತೌಡು ಕುಟ್ತಾನೆ’ ಅಂತ ಆಡಿಕೊಳ್ಳುತ್ತೇವೆ. ಅಕ್ಕಿ ತೆಗೆದ ಮೇಲೆ ಉಳಿದ ತೌಡನ್ನು ಎಷ್ಟು ಕುಟ್ಟಿದರೂ ಏನೂ ಸಿಗದು ಎಂಬುದು ಅದರ ಅರ್ಥ. ಆದರೆ ಆ ತೌಡಿನಲ್ಲಿ ಏನಿದೆ ಎಂದು ತಿಳಿಯಲು ವಿಜ್ಞಾನಿಗಳು ಸುಮಾರು ಐವತ್ತು ವರ್ಷ ಹೆಣಗಿದ್ದಾರೆ.

ಆಹಾರ ಪೋಲು ಎಂದ ಕೂಡಲೇ ಮದುವೆ ಮನೆಯಲ್ಲಿ ಎಲೆ ಮೇಲೆ ಬಿಟ್ಟ ಅನ್ನ ನೆನಪಾಗುತ್ತದೆ. ಅದು ಕಣ್ಣಿಗೆ ಕಾಣುವ ಪೋಲು. ಅಕ್ಕಿ ಚೀಲಕ್ಕೆ ಬೀಳುವ ಮೊದಲೇ ಮಿಲ್ಲಿನಲ್ಲಿ ಆಗುವ ಪೋಲು ಯಾರ ಕಣ್ಣಿಗೂ ಬೀಳುವುದಿಲ್ಲ.

ಒನಕೆಯಲ್ಲಿ ಕುಟ್ಟಿದ ಅಕ್ಕಿಗೆ ಸ್ವಲ್ಪ ತೌಡು ಅಂಟಿಕೊಂಡೇ ಇರುತ್ತಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಉಗಿಯಂತ್ರದ ಮಿಲ್ಲುಗಳು ಬಂದವು, ಅಕ್ಕಿ ಮಲ್ಲಿಗೆಯಷ್ಟು ಬೆಳ್ಳಗಾಯಿತು. ವ್ಯಾಪಾರಿಗಳಿಗೂ ಇದೇ ಅನುಕೂಲ. ತೌಡಿನಲ್ಲಿ ಎಣ್ಣೆ ಅಂಶ ಇರುವುದರಿಂದ ಅದು ಅಂಟಿರುವ ಅಕ್ಕಿ ಬೇಗ ಮುಗ್ಗಲು ವಾಸನೆ ಹಿಡಿಯುತ್ತದೆ. ಬಿಳಿ ಅಕ್ಕಿಯಾದರೆ ಹಡಗಿನಲ್ಲಿ ತಿಂಗಳುಗಟ್ಟಲೆ ಇಡಬಹುದು. ಹಾಗಾಗಿ ಸೈನ್ಯಕ್ಕೆ, ಜೈಲಿಗೆ, ಗಣಿ ಕೂಲಿಗಳಿಗೆ ಅದೇ ಹೋಯಿತು.

ಅದರ ಹಿಂದೆಯೇ ಬೆರಿಬೆರಿ ರೋಗವೂ ಹಬ್ಬಿತು. ಕಾಲು ಜೋಮು ಹಿಡಿಯುತ್ತದೆ, ನಡೆಯಲು ಆಗುವುದಿಲ್ಲ. ಕೆಲವರಿಗೆ ಮೈ ಊದಿಕೊಂಡು ಕೊನೆಗೆ ಹೃದಯವೇ ನಿಲ್ಲುತ್ತದೆ. 1904-05ರಲ್ಲಿ ರಷ್ಯಾ ಜೊತೆಗಿನ ಯುದ್ಧದಲ್ಲಿ ಜಪಾನಿನ ಸಾವಿರಾರು ಸೈನಿಕರು ಗುಂಡಿಗಲ್ಲ, ಈ ರೋಗಕ್ಕೆ ಬಲಿಯಾದರು.

ಇದು ರೋಗಾಣುವಿನ ಕೆಲಸ ಎಂದೇ ಹೆಚ್ಚಿನವರು ನಂಬಿದ್ದರು. ಆ ರೋಗಾಣು ಹುಡುಕಲು ಜಾವಾ ದ್ವೀಪದ ಬಟಾವಿಯಾಕ್ಕೆ (ಈಗಿನ ಜಕಾರ್ತ) ಬಂದವರು ಡಚ್ ವೈದ್ಯ ಕ್ರಿಶ್ಚಿಯಾನ್ ಐಕ್‌ಮನ್. 1890ರ ಸುಮಾರಿಗೆ ಅವರ ಪ್ರಯೋಗದ ಕೋಳಿಗಳು ಕಾಲು ಸ್ವಾಧೀನ ತಪ್ಪಿ ಬಿದ್ದವು. ಏನೂ ಚುಚ್ಚದೆ ಬಿಟ್ಟಿದ್ದ ಕೋಳಿಗಳೂ ಬಿದ್ದವು. ಕೆಲವು ತಿಂಗಳ ನಂತರ ರೋಗ ಬಂದಂತೆಯೇ ಮಾಯವಾಯಿತು. ವಿಚಾರಿಸಿದರೆ, ಕೋಳಿ ನೋಡಿಕೊಳ್ಳುವವನು ಖರ್ಚು ಉಳಿಸಲು ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಮಿಕ್ಕ ಬಿಳಿ ಅನ್ನವನ್ನು ಹಾಕುತ್ತಿದ್ದನಂತೆ. ಅಷ್ಟರಲ್ಲಿ ಹೊಸ ಅಡುಗೆಯವನು ಬಂದ. ಮಿಲಿಟರಿ ಅನ್ನ ಹೊರಗಿನ ಕೋಳಿಗೆ ಯಾಕೆ ಕೊಡಬೇಕು ಎಂದು ತಕರಾರು ತೆಗೆದ. ಕೋಳಿಗಳಿಗೆ ಮತ್ತೆ ತೌಡಿರುವ ಅಗ್ಗದ ಅಕ್ಕಿ ಬಿತ್ತು, ಎದ್ದು ಓಡಾಡಿದವು! ವೈದ್ಯರಿಗೆ ಕಾಣದ ದಾರಿ ತೋರಿಸಿದ್ದು ಆ ಅಡುಗೆಯವನ ಜಿಪುಣತನ.

ಕೋಳಿಯ ಮಾತು ಮನುಷ್ಯರಿಗೂ ನಿಜವೇ? ಜಾವಾದ ಜೈಲುಗಳ ಆರೋಗ್ಯ ನೋಡಿಕೊಳ್ಳುತ್ತಿದ್ದ ಫೋರ್ಡರ್‌ಮನ್ 101 ಜೈಲುಗಳ ಲೆಕ್ಕ ತೆಗೆದರು. ತೌಡು ಉಳಿದ ಅಕ್ಕಿ ಕೊಡುತ್ತಿದ್ದ 37 ಜೈಲುಗಳಲ್ಲಿ ಬೆರಿಬೆರಿ ಕಂಡದ್ದು ಒಂದರಲ್ಲಿ. ಪಾಲಿಶ್ ಅಕ್ಕಿಯ 51 ಜೈಲುಗಳ ಪೈಕಿ 36ರಲ್ಲಿ.

ನಮಗೆ ಹತ್ತಿರದ ಸಂಗತಿ ಮಲಯಾದಿಂದ ಬರುತ್ತದೆ. ಅಲ್ಲಿ ಬಿಳಿ ಅಕ್ಕಿ ಉಣ್ಣುವ ಚೀನೀ ಕೂಲಿಗಳು ಸಾಯುತ್ತಿದ್ದರೆ ತಮಿಳು ಕೂಲಿಗಳಿಗೆ ಏನೂ ಆಗುತ್ತಿರಲಿಲ್ಲ. ತಮಿಳರು ಉಣ್ಣುತ್ತಿದ್ದದ್ದು ಕುಚ್ಚಲಕ್ಕಿ. 1905ರಲ್ಲಿ ಕೌಲಾಲಂಪುರದ ಮಾನಸಿಕ ಆಸ್ಪತ್ರೆಯಲ್ಲಿ ಫ್ಲೆಚರ್ ಎಂಬ ವೈದ್ಯ ರೋಗಿಗಳನ್ನು ಎರಡು ಪಾಲು ಮಾಡಿ ಒಂದು ಪಾಲಿಗೆ ಬಿಳಿ ಅಕ್ಕಿ, ಇನ್ನೊಂದಕ್ಕೆ ಕುಚ್ಚಲಕ್ಕಿ ಕೊಟ್ಟರು. ಬಿಳಿ ಅಕ್ಕಿಯವರಲ್ಲಿ ಮೂವತ್ತಕ್ಕೂ ಹೆಚ್ಚು ಜನ ಬಿದ್ದರು, 18 ಮಂದಿ ಸತ್ತರು. ಕುಚ್ಚಲಕ್ಕಿಯವರು ಕ್ಷೇಮವಾಗಿದ್ದರು. (ಇಂಥ ಪ್ರಯೋಗಕ್ಕೆ ಇವತ್ತು ಯಾರೂ ಒಪ್ಪಿಗೆ ಕೊಡುವುದಿಲ್ಲ, ಕೊಡಲೂಬಾರದು.)

ಕುಚ್ಚಲಕ್ಕಿಯಲ್ಲಿ ನಡೆಯುವುದು ಇಷ್ಟೆ. ಭತ್ತವನ್ನು ನೆನೆಸಿ ಬೇಯಿಸುವಾಗ ತೌಡಿನಲ್ಲಿರುವ ಸತ್ವ ಕಾಳಿನ ಒಳಗೆ ಇಳಿಯುತ್ತದೆ. ಆಮೇಲೆ ಮಿಲ್ಲು ತೌಡು ಕೆರೆದರೂ ಸತ್ವದ ಒಂದು ಪಾಲು ಒಳಗೇ ಉಳಿಯುತ್ತದೆ. ನಮ್ಮ ಕರಾವಳಿಯ ಗಂಜಿ ಊಟದ ಹಿಂದೆ ಇರುವುದು ಇದೇ ಅಕ್ಕಿ. ಆಗಿನ ಮದ್ರಾಸ್ ಪ್ರಾಂತ್ಯದಲ್ಲೂ ಬೆರಿಬೆರಿ ಹೆಚ್ಚಾಗಿ ಕಾಡಿದ್ದು ಮಿಲ್ಲಿನ ಬೆಳ್ತಿಗೆ ಅಕ್ಕಿ ಉಣ್ಣುತ್ತಿದ್ದ ಆಂಧ್ರದ ಕರಾವಳಿ ಜಿಲ್ಲೆಗಳನ್ನು.

ಆ ಸತ್ವ ಕೈಗೆ ಸಿಗಲು 1926 ಬರಬೇಕಾಯಿತು. ಜಾವಾದಲ್ಲೇ ಕ್ವಿಂಟಲ್‌ಗಟ್ಟಲೆ ತೌಡು ಸೋಸಿ ಚಿಟಿಕೆಯಷ್ಟು ಹರಳು ತೆಗೆದರು. 1936ರಲ್ಲಿ ಅದರ ರಚನೆ ಬಿಡಿಸಿದವರು ನಮ್ಮ ಪಕ್ಕದ ನೆಲ್ಲೂರಿನಲ್ಲಿ ಹುಟ್ಟಿದ ಅಮೆರಿಕನ್ ರಾಬರ್ಟ್ ವಿಲಿಯಮ್ಸ್. ಈಗ ಅದನ್ನು ವಿಟಮಿನ್ ಬಿ1 ಎನ್ನುತ್ತೇವೆ. ಅಕ್ಕಿಗೆ ಪಾಲಿಶ್ ಹೊಡೆದರೆ ಅದರ ಬಹುಪಾಲು ತೌಡಿನ ಜೊತೆ ಹೋಗುತ್ತದೆ. ಉಳಿದದ್ದರಲ್ಲೂ ಒಂದಿಷ್ಟು ನಾಲ್ಕು ಸಲ ತೊಳೆದ ನೀರಿನಲ್ಲಿ, ಬಸಿದು ಚೆಲ್ಲಿದ ಗಂಜಿಯಲ್ಲಿ ಹೋಗುತ್ತದೆ.

ಪಡಿತರದಲ್ಲಿ ಸಾರವರ್ಧಿತ ಅಕ್ಕಿಯನ್ನೂ ಕೊಟ್ಟಿದ್ದಾರೆ. ಅದರಲ್ಲಿರುವ ಬೇರೆ ಥರದ ಕಾಳು ಪ್ಲಾಸ್ಟಿಕ್ ಅಲ್ಲ, ವಾಟ್ಸಾಪ್ ನಂಬಿ ಆರಿಸಿ ಎಸೆಯಬೇಡಿ. ಅದು ಅಕ್ಕಿ ಹಿಟ್ಟಿನಿಂದಲೇ ಮಾಡಿದ್ದು, ನೂರಕ್ಕೆ ಒಂದರಂತೆ ಬೆರೆಸುತ್ತಾರೆ. ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸುವುದು ಕಡ್ಡಾಯ. ಬಿ1 ಕಡ್ಡಾಯದ ಪಟ್ಟಿಯಲ್ಲಿಲ್ಲ.

ಇದೆಲ್ಲ ಹಳೆಯ ಕಥೆ ಅನ್ನುವಂತೆಯೂ ಇಲ್ಲ. ಚೆನ್ನಾಗಿದ್ದ ಎದೆಹಾಲಿನ ಕೂಸುಗಳು ಎರಡು ಮೂರು ತಿಂಗಳಾಗುವಾಗ ದಿಢೀರನೆ ಏದುಸಿರು ಬಿಡುತ್ತ, ಹೃದಯ ಸೋತು ಆಸ್ಪತ್ರೆ ಸೇರಿದ್ದನ್ನು ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕದ ವೈದ್ಯರೂ ದಾಖಲಿಸಿದ್ದಾರೆ. ತಾಯಂದಿರ ಊಟ ಕೇಳಿದಾಗ ಸಿಕ್ಕಿದ್ದು ಬಾಣಂತಿ ಪಥ್ಯ: ಪಾಲಿಶ್ ಅಕ್ಕಿಯ ಅನ್ನ ಇದೆ, ಬೇಳೆ, ಕಾಳು, ಸೊಪ್ಪು ಇಲ್ಲ. ತಾಯಿಯ ಊಟದಲ್ಲಿ ಬಿ1 ಇಲ್ಲದಿದ್ದರೆ ಹಾಲಿನಲ್ಲೂ ಇರುವುದಿಲ್ಲ. ಬಿ1 ಇಂಜೆಕ್ಷನ್ ಕೊಟ್ಟ ಮೇಲೆ ಹೆಚ್ಚಿನ ಕೂಸುಗಳು ಒಂದೆರಡು ದಿನದಲ್ಲೇ ಚೇತರಿಸಿಕೊಂಡವು.