ಅಶ್ವಾರೋಹಣ ಸ್ಪರ್ಧೆಯಲ್ಲಿ ಭಾವನಾವ್ಯಾಪಾರ: ಯಳಂದೂರಿನ ಕಾವ್ಯವೊಂದರ ಸಮ್ಮುಖದಲ್ಲಿ

ಯಳಂದೂರಿನ ಮಠದಲ್ಲಿದ್ದು ಅಲ್ಲಿಯೇ ಸಮಾಧಿಸ್ಥನಾದ ಷಡಕ್ಷರದೇವನು 1655ರ ಸುಮಾರಿನಲ್ಲಿ ರಚಿಸಿದ ‘ರಾಜಶೇಖರವಿಳಾಸ’ವನ್ನು ವಿಮರ್ಶಕರು ಅದರ ವರ್ಣನಾವೈಭವಕ್ಕಾಗಿಯೂ ತಿರುಕೊಳವಿನಾಚಿಯ ಪುತ್ರಶೋಕದ ಕರುಣರಸಕ್ಕಾಗಿಯೂ ಕೊಂಡಾಡಿರುವರಾದರೂ, ಆ ಶೋಕದ ಮೂಲದಲ್ಲಿರುವುದು ಒಂದು ಕುದುರೆ ಸವಾರಿಯೆಂಬುದರ ಮೇಲೆ ನಾವು ಹೆಚ್ಚಾಗಿ ನಿಲ್ಲುವುದಿಲ್ಲ. ಚೋಳರಾಜಕುಮಾರನು ಬೀದಿಯಲ್ಲಿ ಕುದುರೆಯನ್ನೋಡಿಸುತ್ತಿರಲು ಆ ತಾಯಿಯ ಮಗು ಗೊರಸಿಗೆ ಸಿಲುಕಿ ಸಾಯುತ್ತದೆ. ನ್ಯಾಯನಿಷ್ಠನಾದ ಅರಸನು ಮಗನಿಗೆ ಮರಣದಂಡನೆಯನ್ನೇ ವಿಧಿಸುತ್ತಾನೆ. ರಾಜಕುಮಾರನಿಗಿದ್ದ ಕೊರತೆ ವಿದ್ಯೆಯದಲ್ಲ, ಏರುವ ಮುನ್ನ ಆ ಬೀದಿಯನ್ನು ಮನಸ್ಸಿನಲ್ಲಿ ನಡೆದು ನೋಡದಿದ್ದುದು ಎಂದು ನನ್ನ ಊಹೆ. ಶಿವಭಕ್ತಿಯ ಕಾವ್ಯದಲ್ಲಿ ಸವಾರಿಯ ಪಾಠ ಹುಡುಕುವುದನ್ನು ರಸಿಕರು ಕ್ಷಮಿಸಬೇಕು.

ಇಂದಿನ ತಡೆ ಜಿಗಿಯುವ ಸ್ಪರ್ಧೆಯಲ್ಲಿ ಈ ನಡೆದು ನೋಡುವಿಕೆ ವಿಧಿಬದ್ಧವಾದ ಅಂಗ. ಸವಾರನು ಕುದುರೆಯನ್ನು ಬಿಟ್ಟು ಕಣದೊಳಗೆ ಕಾಲ್ನಡಿಗೆಯಿಂದ ಸಾಗುತ್ತಾ, ಮೂರು ಅಡಿಯ ತನ್ನ 4 ಹೆಜ್ಜೆಗಳನ್ನು ಕುದುರೆಯ 12 ಅಡಿಯ ಒಂದು ದಾಪಿಗೆ ಸಮವೆಂದೆಣಿಸುತ್ತಾನೆ. ಎರಡು ತಡೆಗಳ ನಡುವೆ 20 ಹೆಜ್ಜೆಗಳಿದ್ದರೆ, ಇಳಿಯುವುದಕ್ಕೆ ಎರಡನ್ನೂ ನೆಗೆಯುವುದಕ್ಕೆ ಎರಡನ್ನೂ ಕಳೆದು, ಉಳಿದ 16ರಲ್ಲಿ ನಾಲ್ಕು ದಾಪುಗಳು. ನಿಮಿಷಕ್ಕೆ 350 ಮೀಟರ್ ವೇಗವನ್ನು ಗೊತ್ತುಮಾಡಿದ 420 ಮೀಟರ್ ಹಾದಿಗೆ 72 ಸೆಕೆಂಡು. ಕಣ್ಮುಚ್ಚಿ ಮಾಡುವ ಅನುಸಂಧಾನವೂ ಅಷ್ಟೇ ಕಾಲವನ್ನು ತೆಗೆದುಕೊಳ್ಳಬೇಕು. ಹತ್ತೇ ಸೆಕೆಂಡಿನಲ್ಲಿ ಮುಗಿದು ಕೈಗೆ ಬಹುಮಾನವನ್ನಿಡುವ ಭಾವನೆ ಹಗಲುಗನಸೇ ಸರಿ. ಕುದುರೆಯಾದರೋ ಹಾದಿಯನ್ನು ಮುಂಚಿತವಾಗಿ ಕಂಡಿರುವುದಿಲ್ಲ; ಇಬ್ಬರ ಪರವಾಗಿ ಒಬ್ಬನೇ ಭಾವಿಸಬೇಕಾದುದು ಈ ಕ್ರೀಡೆಯ ವೈಲಕ್ಷಣ್ಯ.

ಕೊಳ್ಳೇಗಾಲ, ಹನೂರು ಸೀಮೆಯವರಿಗೆ ಈ ಬಗೆಯ ಧಾರಣೆ ಅಪರಿಚಿತವಲ್ಲ. ಹುಲಿಯನ್ನೇರಿದ ಮಲೆಯ ಮಾದಪ್ಪನ ಕಥೆಯನ್ನು ಕಂಸಾಳೆ ಹಿಡಿದು ಇರುಳೆಲ್ಲ ಹಾಡುವ ದೇವರಗುಡ್ಡರು, ಪುಸ್ತಕದ ಹಂಗಿಲ್ಲದೆ, ಸರಗೂರಯ್ಯನ ಸಾಲು, ಸಂಕಮ್ಮನ ಸಾಲು ಎಂದು ಸಾಲುಸಾಲಾಗಿಯೇ ಅದನ್ನು ಮನಸ್ಸಿನಲ್ಲಿ ಹರಡಿಕೊಂಡಿರುತ್ತಾರೆ. ಒಂದು ಸಾಲಿನ ಕೊನೆಯಲ್ಲಿ ಉಸಿರು ಎಲ್ಲಿ ನಿಲ್ಲಬೇಕು, ಹಿಮ್ಮೇಳದವನು ಎಲ್ಲಿ ದನಿಗೂಡಿಸಬೇಕು ಎಂಬುದೂ ಆ ಧಾರಣೆಗೆ ಸೇರಿದ್ದು. ಸವಾರನಿಗೆ ಆ ಹಿಮ್ಮೇಳವೇ ಕುದುರೆ.

ಮನಸ್ಸಿನ ವ್ಯಾಪಾರ ಮೈಗಿಳಿಯುವುದಕ್ಕೆ ಪ್ರಮಾಣಗಳುಂಟು. ತೋಳನ್ನು ಬಾಗಿಸಿದಂತೆ ಭಾವಿಸಿದ ಮಾತ್ರಕ್ಕೆ ಸ್ನಾಯುಗಳಲ್ಲಿ ಅತ್ಯಲ್ಪ ವಿದ್ಯುತ್‌ಕ್ರಿಯೆ ತೋರುವುದನ್ನು ಅಮೆರಿಕದ ಎಡ್ಮಂಡ್ ಜೇಕಬ್‌ಸನ್ 1930ರ ಸುಮಾರಿನಲ್ಲಿಯೇ ಅಳೆದನು. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ಡ್ರಿಸ್ಕೆಲ್ ಮತ್ತು ಸಂಗಡಿಗರು 1994ರಲ್ಲಿ ಮಾಡಿದ ಸಮೀಕ್ಷೆಯಂತೆ ಮಾನಸಿಕ ಅಭ್ಯಾಸವು ಫಲಕಾರಿ, ಆದರೆ ದೈಹಿಕ ಅಭ್ಯಾಸಕ್ಕೆ ಸಮಾನವಲ್ಲ. ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದುದು ಸ್ವೀಡನ್ನಿನಲ್ಲಿ ಲಿಂಡಾ ಕೀಲಿಂಗ್ ಮತ್ತು ಸಹೋದ್ಯೋಗಿಗಳು 2009ರಲ್ಲಿ ಪ್ರಕಟಿಸಿದ ಸರಳವಾದೊಂದು ಪ್ರಯೋಗ. ಕುದುರೆಯನ್ನು ನಡೆಸುತ್ತಲೋ ಏರಿಯೋ ಒಂದೇ ದಾರಿಯಲ್ಲಿ ನಾಲ್ಕು ಬಾರಿ ಸಾಗುವವರಿಗೆ, ಕೊನೆಯ ಬಾರಿ ಕೊಡೆಯೊಂದು ಬಿಚ್ಚಿಕೊಳ್ಳುವುದೆಂದು ಹೇಳಲಾಯಿತು. ಕೊಡೆ ಬಿಚ್ಚಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತದೊಂದಿಗೆ, ಯಾವ ಮಾತನ್ನೂ ಅರಿಯದ ಕುದುರೆಗಳ ಎದೆಬಡಿತವೂ ಏರಿತು. ದುರ್ಭಾವನೆಯು ಹೀಗೆ ಜೀನನ್ನು ದಾಟಿ ಹೋಗುವುದಾದರೆ ಸದ್ಭಾವನೆಗೂ ಆ ದಾರಿ ಇದ್ದೀತೆಂದು ಆಶಿಸಬಹುದೇ ಹೊರತು, ಈ ಪ್ರಯೋಗ ಅದನ್ನು ಸಾಧಿಸುವುದಿಲ್ಲ.

ಬೆಂಗಳೂರಿನ ಫೌವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಎರಡು ಬೆಳ್ಳಿಯ ಪದಕಗಳನ್ನು ಪಡೆದು, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 23ನೆಯ ಸ್ಥಾನಕ್ಕೇರಿದ ಈವೆಂಟಿಂಗ್ ಸ್ಪರ್ಧೆಯಲ್ಲಿ ಲಯಬದ್ಧ ನಡಿಗೆ, ಬಯಲ ಓಟ, ತಡೆಗಳ ಜಿಗಿತ ಎಂಬ ಮೂರು ಪರೀಕ್ಷೆಗಳುಂಟು. ಮೊದಲನೆಯದರಲ್ಲಿ ಕ್ರಮವನ್ನು ಧರಿಸಿದರೆ ಬಹುಪಾಲು ಸಾಕು. ಬಯಲ ಓಟಕ್ಕೆ ಅದು ಸಾಲದು. ಮರದ ನೆರಳಿನಿಂದ ಬಿಸಿಲಿಗೆ ಹೊರಳುವೆಡೆಯಲ್ಲಿ, ನೀರು ಥಟ್ಟನೆ ಹೊಳೆಯುವೆಡೆಯಲ್ಲಿ, ಕುದುರೆ ಹಿಂಜರಿದರೆ ಕಾಲನ್ನು ಹೇಗೆ ಒತ್ತಬೇಕು, ಲಗಾಮನ್ನು ಎಷ್ಟು ಬಿಡಬೇಕು ಎಂಬ ವಿಕಲ್ಪಗಳನ್ನೂ ಸವಾರನು ಮೊದಲೇ ಭಾವಿಸಿರಬೇಕು. ಷಡಕ್ಷರಿಯ ರಾಜಕುಮಾರನ ಬೀದಿಯಲ್ಲಿ ಆ ವಿಕಲ್ಪವು ಒಂದು ಮಗುವಾಗಿತ್ತು.